ಮಠದ ಬಾಗಿಲು, ಸರಕಾರದ ಕೈ

(ಮುಂಬ್ರಾದ ಕನ್ನಡ ಬಂಧುಗಳ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದರ ಸಭೆಯಲ್ಲಿ ಏಕೀಕರಣದ ಕಥೆಯನ್ನು ಹೇಳುವುದು ವಾಡಿಕೆ. ಹಂಚಿಹೋಗಿದ್ದ ನಾಡು ಹೇಗೆ ಒಂದಾಯಿತು, ಯಾರು ಯಾರು ಅದಕ್ಕಾಗಿ ದುಡಿದರು ಎಂಬುದನ್ನು ಕೇಳಿ ನಾವು ಬೆಳೆದವರು. ಈ ಸಲ ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಮತಕ್ಕೂ ರಾಜ್ಯಕ್ಕೂ ಇರಬೇಕಾದ ನಂಟು ಯಾವುದು, ಅಂತರ ಎಷ್ಟು ಎಂಬುದೇ ಆ ವಿಷಯ. ರಾಜ್ಯೋತ್ಸವದ ದಿನ ಇದೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಈ ಪ್ರಶ್ನೆಯನ್ನು ಸ್ವತಂತ್ರ ಭಾರತದ ನ್ಯಾಯಾಲಯಗಳ ಮುಂದೆ ಮೊದಮೊದಲು ಒಯ್ದವರಲ್ಲಿ ನಮ್ಮ ಕರಾವಳಿಯವರೇ ಇದ್ದರು. ಆಗ ಹುಟ್ಟಿದ ತೀರ್ಪಿನ ನೆರಳಿನಲ್ಲಿಯೇ ಇಂದಿಗೂ ದೇಶದ ಗುಡಿ, ಮಸೀದಿ, ಇಗರ್ಜಿಗಳು ನಡೆಯುತ್ತಿವೆ. ಪರಸ್ಥಳದಲ್ಲಿ ಬಾಳುವ ನಮಗೆ ಆ ತೀರ್ಪಿನಿಂದ ಆಗುವ ಪ್ರಯೋಜನವೂ ಸಣ್ಣದಲ್ಲ.

ಮುಂಬ್ರಾದಲ್ಲಿ ಈ ಮಾತನ್ನಾಡುವುದಕ್ಕೆ ಇನ್ನೂ ಒಂದು ಕಾರಣವಿದೆ. ಒಂದು ಕಡೆ ಖಾಡಿ, ಇನ್ನೊಂದು ಕಡೆ ಗುಡ್ಡ. ಗುಡ್ಡದ ಮೇಲೆ ಮುಂಬ್ರಾದೇವಿ, ಕೆಳಗೆ ಐದು ಹೊತ್ತಿನ ಬಾಂಗು. ೧೯೯೨-೯೩ರ ಮುಂಬಯಿಯ ಗಲಭೆಗಳ ತರುವಾಯ ನೆಲೆ ತಪ್ಪಿದ ಎಷ್ಟೋ ಮುಸಲ್ಮಾನ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದುವು. ಊರು ಬೆಳೆದ ಬಗೆಯನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ನವರಾತ್ರಿಯಲ್ಲಿ ಗುಡ್ಡ ಹತ್ತುವವರೂ ಶುಕ್ರವಾರ ನಮಾಜಿಗೆ ನಡೆಯುವವರೂ ಒಂದೇ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಇಂಥ ಊರಿನಲ್ಲಿ ಸರಕಾರ ಯಾರ ಪಕ್ಷವೆಂಬ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಅದು ನೆಮ್ಮದಿಯ ನಿದ್ದೆಯ ಪ್ರಶ್ನೆ.

ಮೊದಲಿಗೆ ಹೊರನಾಡುಗಳ ರೀತಿಯನ್ನು ಸ್ವಲ್ಪ ನೋಡೋಣ. ಅಮೆರಿಕದವರು ೧೭೯೧ರಲ್ಲಿಯೇ ತಮ್ಮ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯನ್ನು ಸೇರಿಸಿ, ಯಾವುದೇ ಮತವನ್ನು ಸರಕಾರಿ ಮತವಾಗಿ ಸ್ಥಾಪಿಸುವ ಕಾನೂನನ್ನು ಮಾಡಕೂಡದೆಂದರು. ಚರ್ಚಿಗೂ ರಾಜ್ಯಕ್ಕೂ ನಡುವೆ ಗೋಡೆಯಿರಬೇಕೆಂಬ ಉಪಮೆಯನ್ನು ಜೆಫರ್ಸನ್ ೧೮೦೨ರ ಒಂದು ಪತ್ರದಲ್ಲಿ ಬಳಸಿದ. ಆದರೆ ಅದೇ ಅಮೆರಿಕ ೧೯೫೬ರಲ್ಲಿ ದೇವರಲ್ಲಿ ನಮ್ಮ ನಂಬಿಕೆ ಎಂಬರ್ಥದ ಮಾತನ್ನು ರಾಷ್ಟ್ರದ ಧ್ಯೇಯವಾಕ್ಯವಾಗಿ ಮಾಡಿಕೊಂಡಿತು. ಆರು ವರ್ಷದ ಮೇಲೆ, ೧೯೬೨ರಲ್ಲಿ, ಸರಕಾರಿ ಶಾಲೆಗಳಲ್ಲಿ ಸರಕಾರವೇ ಬರೆದುಕೊಟ್ಟ ಪ್ರಾರ್ಥನೆಯನ್ನು ಹೇಳಿಸುವುದು ತಪ್ಪೆಂದು ಅಲ್ಲಿಯ ಸುಪ್ರೀಮ್ ಕೋರ್ಟು ತೀರ್ಮಾನಿಸಿತು. ಫ್ರಾನ್ಸ್ ೧೯೦೫ರ ಕಾನೂನಿನಿಂದ ಚರ್ಚಿನ ನಂಟನ್ನೇ ಕಡಿದುಕೊಂಡ ದೇಶ. ಆದರೂ ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದ ಕಟ್ಟಡ ಅಲ್ಲಿಯ ಸರಕಾರದ ಸ್ವತ್ತು. ೨೦೧೯ರಲ್ಲಿ ಅದು ಬೆಂಕಿಗೆ ತುತ್ತಾದಾಗ ಜೀರ್ಣೋದ್ಧಾರದ ಹೊಣೆಯನ್ನು ಹೊತ್ತದ್ದೂ ಸರಕಾರವೇ. ಇಂಗ್ಲೆಂಡಿನಲ್ಲಿ ದೊರೆಯೇ ಚರ್ಚಿನ ಮುಖ್ಯಸ್ಥ. ೨೬ ಮಂದಿ ಬಿಷಪ್ಪರು ಮೇಲ್ಮನೆಯಲ್ಲಿ ಕುಳಿತುಕೊಳ್ಳುತ್ತಾರೆ. ಇಷ್ಟಾಗಿಯೂ ಅಲ್ಲಿ ಬೇರೆ ಮತದವನಿಗೆ ಮಂತ್ರಿಯಾಗಲು ಅಡ್ಡಿಯಿಲ್ಲ. ಆದುದರಿಂದ ಗೋಡೆಯೆಂಬುದು ಕೇಳಲು ಸುಲಭ; ಕಟ್ಟಲು ಹೊರಟವರೆಲ್ಲ ಅದರಲ್ಲಿ ಒಂದಲ್ಲ ಒಂದು ಬಾಗಿಲನ್ನು ಬಿಟ್ಟಿದ್ದಾರೆ. ಆ ಬಾಗಿಲು ಎಲ್ಲಿ, ಅದರ ಚಿಲಕ ಯಾರ ಕಡೆಗೆ ಎಂಬುದೇ ನಿಜವಾದ ಚರ್ಚೆ.

ನಮ್ಮ ದೇಶದಲ್ಲಿ ಈ ಚರ್ಚೆ ಸಂವಿಧಾನದ ಮೊದಲ ಸಾಲಿನಿಂದಲೇ ಆರಂಭವಾಯಿತು. ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಕೆಲಸವನ್ನು ಬಿಟ್ಟು ದೇಶಸೇವೆಗೆ ಇಳಿದ ಹರಿ ವಿಷ್ಣು ಕಾಮತರು ಮಧ್ಯಪ್ರಾಂತದಿಂದ ಸಂವಿಧಾನ ಸಭೆಗೆ ಬಂದಿದ್ದರು. ೧೯೪೯ರ ಅಕ್ಟೋಬರ್ ೧೭ರಂದು ಅವರು ಒಂದು ತಿದ್ದುಪಡಿಯನ್ನು ತಂದರು. ಸಂವಿಧಾನದ ಪ್ರಸ್ತಾವನೆ ದೇವರ ಹೆಸರಿನಿಂದ ಮೊದಲಾಗಬೇಕೆಂಬುದು ಅವರ ಬೇಡಿಕೆ. ದೇವರ ವಿಷಯವನ್ನು ಮತಕ್ಕೆ ಹಾಕುವುದು ಬೇಡವೆಂದು ಹಲವರು ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಮತ ಎಣಿಸಿದಾಗ ಪರವಾಗಿ ೪೧, ವಿರೋಧವಾಗಿ ೬೮. ತಿದ್ದುಪಡಿ ಬಿತ್ತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವಿರೋಧಿಸಿದವರೆಲ್ಲರೂ ನಾಸ್ತಿಕರಾಗಿರಲಿಲ್ಲ, ದೇವರನ್ನು ನಂಬುವವರೂ ಅವರಲ್ಲಿದ್ದರು. ನಂಬುವ ಸ್ವಾತಂತ್ರ್ಯವನ್ನು ಕೊಡುವ ಪತ್ರದ ತಲೆಯ ಮೇಲೆಯೇ ನಂಬಿಕೆಯನ್ನು ಕಡ್ಡಾಯವಾಗಿ ಬರೆಯುವುದು ಸಲ್ಲದೆಂಬುದು ಅವರ ವಾದದ ತಿರುಳು.

ಹಾಗೆಂದು ದೇವರ ಹೆಸರು ಸಂವಿಧಾನದಲ್ಲಿ ಇಲ್ಲವೇ ಇಲ್ಲವೆಂದಲ್ಲ. ಮಂತ್ರಿಗಳೂ ನ್ಯಾಯಾಧೀಶರೂ ಸ್ವೀಕರಿಸುವ ಪ್ರಮಾಣದ ಒಕ್ಕಣೆ ಮೂರನೆಯ ಅನುಸೂಚಿಯಲ್ಲಿದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಒಂದೇ ಬೆಲೆ. ಪ್ರಜೆಗೆ ದೇವರಿರಬಹುದೆಂಬುದನ್ನು ರಾಜ್ಯ ಒಪ್ಪುತ್ತದೆ, ಇರಲೇಬೇಕೆಂದು ಹೇಳುವುದಿಲ್ಲ. ಪ್ರಸ್ತಾವನೆಯಲ್ಲಿ ನಂಬಿಕೆ, ಶ್ರದ್ಧೆ, ಉಪಾಸನೆಗಳ ಸ್ವಾತಂತ್ರ್ಯ ಮೊದಲಿನಿಂದಲೇ ಇತ್ತು. ನಮ್ಮಲ್ಲಿ ಕೆಲವರು ಜಾತ್ಯತೀತವೆಂದೂ ಕೆಲವರು ಸರ್ವಧರ್ಮ ಸಮಭಾವವೆಂದೂ ಹೇಳುವ ಆ ಒಂದು ವಿಶೇಷಣ ಮಾತ್ರ ೧೯೭೬ರ ೪೨ನೆಯ ತಿದ್ದುಪಡಿಯಿಂದ ಸೇರಿತು. ಅದನ್ನು ತೆಗೆಸಬೇಕೆಂದು ಬಂದ ಅರ್ಜಿಗಳನ್ನು ೨೦೨೪ರ ನವೆಂಬರ್ ೨೫ರಂದು ಸುಪ್ರೀಮ್ ಕೋರ್ಟು ವಜಾ ಮಾಡಿತು. ಆ ಪದವಿರಲಿ ಬಿಡಲಿ, ಅದರ ಅರ್ಥ ಸಂವಿಧಾನದ ೨೫ರಿಂದ ೨೮ರವರೆಗಿನ ಅನುಚ್ಛೇದಗಳಲ್ಲಿ ೧೯೫೦ರಿಂದಲೂ ಹುದುಗಿತ್ತು.

ಅರ್ಥ ಹುದುಗಿದ್ದರೆ ಸಾಲದು. ಅದನ್ನು ಬಗೆದು ತೆಗೆಯಬೇಕು. ಆ ಕೆಲಸಕ್ಕೆ ಕಾರಣವಾದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆ.

ಉಡುಪಿಯ ಅಷ್ಟಮಠಗಳ ಪರ್ಯಾಯದ ಪರಿ ಇಲ್ಲಿರುವ ಕರಾವಳಿಯ ಬಂಧುಗಳಿಗೆ ತಿಳಿದದ್ದೇ. ಎರಡು ವರ್ಷಕ್ಕೊಮ್ಮೆ ಒಂದೊಂದು ಮಠದ ಸ್ವಾಮಿಗಳು ಶ್ರೀಕೃಷ್ಣನ ಪೂಜೆಯ ಅಧಿಕಾರವನ್ನು ವಹಿಸಿಕೊಳ್ಳುತ್ತಾರೆ. ಹದಿನಾರು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಆ ಎರಡು ವರ್ಷ ಬಂದ ಭಕ್ತರಿಗೆಲ್ಲ ಊಟ ಹಾಕಬೇಕು. ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು ೧೯೧೯ರಲ್ಲಿ ಬಾಲ್ಯದಲ್ಲಿಯೇ ಪೀಠವೇರಿದವರು. ಅವರ ಎರಡನೆಯ ಪರ್ಯಾಯ ಬಂದದ್ದು ೧೯೪೬ರಲ್ಲಿ. ಯುದ್ಧ ಮುಗಿದಿದ್ದರೂ ಕಾಳಿನ ಅಭಾವ ಮುಗಿದಿರಲಿಲ್ಲ, ಬೆಲೆಗಳು ಏರಿದ್ದುವು. ಊಟ ನಿಲ್ಲಿಸುವಂತಿಲ್ಲ, ಕೈಯಲ್ಲಿ ಹಣವಿಲ್ಲ. ಮಠದ ಸಾಲ ಸುಮಾರು ಒಂದು ಲಕ್ಷ ರೂಪಾಯಿಗೆ ಏರಿತು. ಅಂದಿನ ಲಕ್ಷವೆಂದರೆ ಸಣ್ಣ ಮೊತ್ತವಲ್ಲ.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಹಿಂದೂ ಧಾರ್ಮಿಕ ದತ್ತಿಗಳ ಮಂಡಳಿ ಮಧ್ಯೆ ಬಂತು. ಮಠಕ್ಕೆ ಸಮರ್ಥನಾದ ಒಬ್ಬ ಆಡಳಿತಗಾರನನ್ನು ನೇಮಿಸಬೇಕೆಂದು ಸ್ವಾಮಿಗಳಿಗೆ ಹೇಳಿತು. ನೇಮಕವಾದ ಏಜಂಟನಿಗೂ ಸ್ವಾಮಿಗಳಿಗೂ ಹೊಂದಲಿಲ್ಲ. ಸ್ವಾಮಿಗಳು ಅವನ ಅಧಿಕಾರಪತ್ರವನ್ನು ರದ್ದುಮಾಡಿದರು. ಆಗ ಮಂಡಳಿ ತಾನೇ ಮಠದ ಆಡಳಿತಕ್ಕೆ ಒಂದು ಯೋಜನೆಯನ್ನು ಸಿದ್ಧಪಡಿಸಲು ಹೊರಟಿತು. ಅಷ್ಟರಲ್ಲಿ ೧೯೫೧ರ ಹೊಸ ಕಾಯಿದೆಯೂ ಬಂತು. ಸ್ವಾಮಿಗಳು ಮದರಾಸಿನ ಹೈಕೋರ್ಟಿನ ಮೊರೆ ಹೊಕ್ಕು ಗೆದ್ದರು. ಸರಕಾರದ ಕಡೆಯವರು ಸುಪ್ರೀಮ್ ಕೋರ್ಟಿಗೆ ಅಪೀಲು ಹೋದರು. ೧೯೫೪ರ ಮಾರ್ಚ್ ೧೬ರಂದು ಏಳು ಮಂದಿ ನ್ಯಾಯಮೂರ್ತಿಗಳ ಪೀಠದ ತೀರ್ಪು ಹೊರಬಿತ್ತು. ಬರೆದವರು ನ್ಯಾಯಮೂರ್ತಿ ಬಿಜನಕುಮಾರ ಮುಖರ್ಜಿ.

ಆ ತೀರ್ಪಿನ ಸಾರವನ್ನು ನಾವು ಮನೆಮಾತಿನಲ್ಲಿ ಹೀಗೆ ಹೇಳಬಹುದು. ಮತವೆಂದರೆ ಎದೆಯೊಳಗಿನ ನಂಬಿಕೆ ಮಾತ್ರವಲ್ಲ. ಆಚಾರ, ವಿಧಿ, ಪೂಜೆ, ಉಡುಗೆ, ಆಹಾರಗಳವರೆಗೂ ಅದು ಹಬ್ಬಿರಬಹುದು. ಅದರಲ್ಲಿ ಯಾವುದು ಮುಖ್ಯವೆಂಬುದನ್ನು ಮೊದಲಿಗೆ ಆ ಮತದ ಸಿದ್ಧಾಂತದಿಂದಲೇ ತಿಳಿಯಬೇಕು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕು, ಇಂಥ ದಿನ ಇಂಥ ಉತ್ಸವ ನಡೆಯಬೇಕು ಎಂಬುದಿದ್ದರೆ, ಅದಕ್ಕೆ ಹಣ ಖರ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗದು. ಅದಂತಿರಲಿ, ಆ ನೈವೇದ್ಯಕ್ಕೆ ಎಷ್ಟು ಖರ್ಚು ಮಾಡಬೇಕೆಂಬ ಪ್ರಮಾಣ ಆಸ್ತಿಯ ಆಡಳಿತಕ್ಕೆ ಸೇರಿದ್ದು; ಅದರಲ್ಲಿ ಕಾನೂನು ಕೈಹಾಕಬಹುದು. ನೈವೇದ್ಯ ಬೇಕೆ ಬೇಡವೆ ಎಂಬುದು ಮಠದ ಮಾತು. ಅಕ್ಕಿ ಎಷ್ಟು ಸೇರು ಎಂಬಲ್ಲಿ ಲೆಕ್ಕದ ಪುಸ್ತಕ ಬರಬಹುದು. ಮಠಾಧಿಪತಿಯು ಕೇವಲ ಸಂಬಳದ ಆಳಲ್ಲ. ಅವನ ಪದವಿಯಲ್ಲಿ ಕರ್ತವ್ಯವೂ ಹಕ್ಕೂ ಬೆರೆತಿವೆ. ಅಧಿಕಾರಿಗೆ ಬೇಕೆನಿಸಿದಾಗ ಗರ್ಭಗುಡಿಯವರೆಗೂ ನುಗ್ಗಲು ಅವಕಾಶವಿದ್ದ ಕಲಮು ಬಿದ್ದುಹೋಯಿತು. ಅಧಿಕಾರಿ ತನ್ನ ಮನಸ್ಸಿಗೆ ಬಂದಂತೆ ಮಠಕ್ಕೆ ಮ್ಯಾನೇಜರನನ್ನು ಹೇರುವ ಕಲಮೂ ಬಿತ್ತು. ಸಾಮಾನ್ಯ ಮೇಲ್ವಿಚಾರಣೆ ಮಾತ್ರ ಉಳಿಯಿತು.

ಹಣದ ವಿಷಯದಲ್ಲಿಯೂ ಒಂದು ಸೂಕ್ಷ್ಮವುಂಟು. ಧಾರ್ಮಿಕ ಸಂಸ್ಥೆಗಳು ತಮ್ಮ ಆದಾಯದಲ್ಲಿ ನೂರಕ್ಕೆ ೫ರವರೆಗೆ ಸರಕಾರಕ್ಕೆ ವಂತಿಗೆ ಕೊಡಬೇಕೆಂದು ಮದರಾಸಿನ ಕಾಯಿದೆಯಲ್ಲಿತ್ತು. ಆ ಹಣ ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗಿ ಬೆರೆಯುತ್ತಿತ್ತು. ಕೊಟ್ಟ ಹಣಕ್ಕೂ ದೊರೆತ ಸೇವೆಗೂ ತಾಳೆಯಿರಲಿಲ್ಲ. ಅದು ಶುಲ್ಕವಲ್ಲ, ತೆರಿಗೆ. ಅಂಥ ತೆರಿಗೆಯನ್ನು ಹಾಕಲು ರಾಜ್ಯದ ಶಾಸನಸಭೆಗೆ ಅಧಿಕಾರವಿಲ್ಲವೆಂದು ಕೋರ್ಟು ಹೇಳಿತು.

ಇದಾದ ಎರಡೇ ದಿನಕ್ಕೆ, ಮಾರ್ಚ್ ೧೮ರಂದು, ಅದೇ ನ್ಯಾಯಮೂರ್ತಿಗಳು ನಮ್ಮ ಈ ಮುಂಬಯಿ ರಾಜ್ಯದ ಮೊಕದ್ದಮೆಯೊಂದನ್ನು ತೀರ್ಮಾನಿಸಿದರು. ರತಿಲಾಲ್ ಗಾಂಧಿ ಎಂಬ ಜೈನರೂ ಪಾರಸಿ ಸಮಾಜದವರೂ ೧೯೫೦ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆಯನ್ನು ಪ್ರಶ್ನಿಸಿದ್ದರು. ಧಾರ್ಮಿಕ ಸಂಸ್ಥೆಗೆ ಚ್ಯಾರಿಟಿ ಕಮಿಶನರನನ್ನೇ ಧರ್ಮದರ್ಶಿಯಾಗಿ ಕೂಡಿಸುವ ಕಲಮು ಬಿದ್ದುಹೋಯಿತು. ನೂರಕ್ಕೆ ೨ರ ವಂತಿಗೆ ಮಾತ್ರ ನಿಂತಿತು. ಏಕೆಂದರೆ ಅದು ಪ್ರತ್ಯೇಕ ನಿಧಿಗೆ ಸೇರಿ, ನ್ಯಾಸಗಳ ಮೇಲ್ವಿಚಾರಣೆಗೇ ಖರ್ಚಾಗುತ್ತಿತ್ತು. ಇದು ನಮಗೆ ದೂರದ ಮಾತಲ್ಲ. ಗುಡಿ, ಮಠ, ವಕ್ಫ್‌ಗಳ ಜೊತೆಗೆ ನಮ್ಮಂಥ ಸಂಘಗಳನ್ನೂ ಆ ಕಾಯಿದೆ ಒಂದೇ ಪಂಕ್ತಿಯಲ್ಲಿ ಕೂಡಿಸಿತ್ತು. ವಕ್ಫ್‌ಗಳಿಗೆ ಮುಂದೆ ೧೯೯೫ರ ಬೇರೆ ಕಾಯಿದೆಯಾಯಿತು. ವರ್ಷವರ್ಷವೂ ನಮ್ಮ ಖಜಾಂಚಿಗಳು ಲೆಕ್ಕ ಪರಿಶೋಧಿಸಿ ಚ್ಯಾರಿಟಿ ಕಮಿಶನರ ಕಚೇರಿಗೆ ಒಪ್ಪಿಸುವಾಗ ನಡೆಯುವುದು ಇದೇ: ಲೆಕ್ಕ ಸರಕಾರ ನೋಡಲಿ, ವೇದಿಕೆಯ ಮೇಲೆ ಏನಾಗಬೇಕೆಂಬುದನ್ನು ನಾವು ನೋಡಿಕೊಳ್ಳುತ್ತೇವೆ.

ಮತಸಂಸ್ಥೆಗೆ ರಕ್ಷಣೆ ದೊರೆತದ್ದು ಒಂದು ಪಕ್ಕ. ಸಂಸ್ಥೆಯ ಒಳಗೇ ಅನ್ಯಾಯವಿದ್ದರೆ? ಈ ಪ್ರಶ್ನೆಯನ್ನು ಒಯ್ದವರೂ ನಮ್ಮ ಕರಾವಳಿಯವರೇ. ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದು. ೧೯೪೭ರ ಮದರಾಸಿನ ದೇವಾಲಯ ಪ್ರವೇಶದ ಕಾಯಿದೆ ತಮಗೆ ಅನ್ವಯಿಸದು, ತಮ್ಮ ಪಂಗಡದ ಗುಡಿಯೊಳಗೆ ಯಾರು ಬರಬೇಕೆಂಬುದು ತಮ್ಮ ಮತದ ವಿಷಯವೆಂದು ಧರ್ಮದರ್ಶಿಗಳು ವಾದಿಸಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಏಕೀಕರಣವಾಯಿತು. ಮದರಾಸು ಸರಕಾರದ ಜಾಗದಲ್ಲಿ ಮೈಸೂರು ರಾಜ್ಯ ಪ್ರತಿವಾದಿಯಾಗಿ ಬಂದು ನಿಂತಿತು. ಹೊಸ ರಾಜ್ಯಕ್ಕೆ ಒಂದು ವರ್ಷ ಒಂದು ವಾರ ತುಂಬಿದ ದಿನ, ೧೯೫೭ರ ನವೆಂಬರ್ ೮ರಂದು, ತೀರ್ಪು ಬಂತು. ಗುಡಿ ಪಂಗಡದ್ದೆಂಬುದು ನಿಜ. ಆದರೂ ಹಿಂದುಗಳ ಎಲ್ಲ ವರ್ಗದವರಿಗೆ ಗುಡಿಯ ಬಾಗಿಲನ್ನು ತೆರೆಸುವ ಅಧಿಕಾರ ರಾಜ್ಯಕ್ಕೆ ಇದೆ. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡದವರು ತಮ್ಮವರಿಗಷ್ಟೇ ಇಟ್ಟುಕೊಳ್ಳಬಹುದು. ಹೊರಗೆ ನಿಂತವನ ಮಾನವೂ ಒಳಗೆ ಕುಳಿತವನ ಮಡಿಯೂ ಎದುರುಬದುರಾದಾಗ ನಮ್ಮ ಸಂವಿಧಾನ ಮಾನದ ಕಡೆಗೆ ವಾಲಿತು.

ಹೀಗಿರಲು ನಮ್ಮ ದೇಶದ ರೀತಿಯನ್ನು ಗೋಡೆಯೆನ್ನುವುದಕ್ಕಿಂತ ಹೊಲದ ಬದುವೆನ್ನುವುದು ಮೇಲು. ಬದು ಎರಡು ಹೊಲಗಳನ್ನು ಬೇರ್ಪಡಿಸುತ್ತದೆ. ಅದರ ಮೇಲೆ ಇಬ್ಬರೂ ನಡೆದಾಡುತ್ತಾರೆ. ಒಬ್ಬನು ವರ್ಷಕ್ಕೊಂದು ಗೇಣು ಬದುವನ್ನು ಒತ್ತಿ ಉಳತೊಡಗಿದರೆ ಮಾತ್ರ ಜಗಳ ಹುಟ್ಟುತ್ತದೆ. ಆ ಒತ್ತುವರಿ ಸರಕಾರದಿಂದಲೂ ನಡೆದಿದೆ, ಮತದ ಹೆಸರಿನವರಿಂದಲೂ ನಡೆದಿದೆ.

ನಮ್ಮ ಮುಜರಾಯಿ ಇಲಾಖೆಯನ್ನೇ ತೆಗೆದುಕೊಳ್ಳಿ. ಲೆಕ್ಕದಲ್ಲಿ ವಜಾ ಹಾಕಿ ಬಿಟ್ಟುಕೊಡುವುದು ಎಂಬರ್ಥದ ಹಳೆಯ ಕಂದಾಯದ ಮಾತು ಅದು. ಅರಸರ ಕಾಲದಲ್ಲಿ ಗುಡಿಗಳಿಗೆ ಭೂಮಿಯಿತ್ತು, ಇನಾಮಿತ್ತು. ಭೂಮಿ ಹೋದಮೇಲೆ ಅದರ ಬದಲಿಗೆ ತಸ್ತೀಕು ಉಳಿಯಿತು. ಕೊಟ್ಟ ಕೈಯೇ ಲೆಕ್ಕವನ್ನೂ ಕೇಳಿತು. ಕನ್ನಡ ನಾಡು ೧೯೫೬ರಲ್ಲಿ ಒಂದಾದರೂ ದೇವಸ್ಥಾನಗಳ ಕಾನೂನು ಒಂದಾಗಲಿಲ್ಲ. ಹಳೆಯ ಮೈಸೂರಿನಲ್ಲಿ ೧೯೨೭ರ ಕಾಯಿದೆ, ಮುಂಬಯಿ ಕರ್ನಾಟಕದಲ್ಲಿ ೧೯೫೦ರದು, ದಕ್ಷಿಣ ಕನ್ನಡದಲ್ಲಿ ಮದರಾಸಿನದು, ಹೈದರಾಬಾದ್ ಕರ್ನಾಟಕದಲ್ಲಿ ನಿಜಾಮರ ಕಾಲದ್ದು, ಕೊಡಗಿನಲ್ಲಿ ಅಲ್ಲಿಯದೇ. ಇವನ್ನೆಲ್ಲ ಒಂದುಮಾಡುವ ೧೯೯೭ರ ಕಾಯಿದೆ ಜಾರಿಗೆ ಬಂದದ್ದು ೨೦೦೩ರಲ್ಲಿ. ಗಡಿಗಳು ಒಂದು ದಿನದಲ್ಲಿ ಒಂದಾದುವು. ದೇವರ ಹುಂಡಿಗಳು ಒಂದು ಕಾನೂನಿಗೆ ಬರಲು ೪೭ ವರ್ಷ ಬೇಕಾಯಿತು. ಮಠಗಳನ್ನೂ ಅವಕ್ಕೆ ಸೇರಿದ ಗುಡಿಗಳನ್ನೂ ಆ ಕಾಯಿದೆ ಹೊರಗಿಟ್ಟಿತು. ೨೦೦೬ರಲ್ಲಿ ಹೈಕೋರ್ಟು ಕಾಯಿದೆಯನ್ನೇ ರದ್ದುಪಡಿಸಿತು, ಸುಪ್ರೀಮ್ ಕೋರ್ಟು ಅದಕ್ಕೆ ತಡೆಕೊಟ್ಟಿತು, ೨೦೧೧ರಲ್ಲಿ ತಿದ್ದುಪಡಿಯಾಯಿತು. ೨೦೨೪ರ ಫೆಬ್ರುವರಿಯಲ್ಲಿ ಹೆಚ್ಚು ಆದಾಯದ ಗುಡಿಗಳಿಂದ ಸಾಮಾನ್ಯ ಸಂಗ್ರಹಣಾ ನಿಧಿಗೆ ಹೆಚ್ಚು ಪಾಲು ಪಡೆಯುವ ಮಸೂದೆ ವಿಧಾನ ಪರಿಷತ್ತಿನಲ್ಲಿ ಒಮ್ಮೆ ಬಿದ್ದು, ಬಹಳ ವಾದಕ್ಕೆ ಎಡೆಯಾಯಿತು.

ಈ ವಾದದಲ್ಲಿ ಎರಡು ಕಡೆಯ ಮಾತಿನಲ್ಲಿಯೂ ಹುರುಳಿದೆ. ಮುಜರಾಯಿಗೆ ಸೇರಿದ ದೇವಸ್ಥಾನಗಳು ೩೪ ಸಾವಿರಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಬಹುಪಾಲು ಎಣ್ಣೆಬತ್ತಿಗೂ ಕಷ್ಟಪಡುವ ಹಳ್ಳಿಗುಡಿಗಳು. ಸಿರಿವಂತ ಗುಡಿಯ ಹಣದಲ್ಲಿ ಒಂದಂಶ ಬಡ ಗುಡಿಯ ಅರ್ಚಕನಿಗೆ ಹೋದರೆ ತಪ್ಪೇನೆಂದು ಒಬ್ಬರು ಕೇಳುತ್ತಾರೆ. ಭಕ್ತನು ಈ ದೇವರಿಗೆಂದು ಹಾಕಿದ ಕಾಣಿಕೆಯನ್ನು ತೆಗೆಯಲು ಸರಕಾರ ಯಾರು, ಬೇರೆ ಮತದವರ ಹುಂಡಿಗೆ ಈ ನಿಯಮ ಏಕಿಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ. ಶಿರೂರು ಮಠದ ತೀರ್ಪನ್ನು ಓದಿದವರಿಗೆ ಒಂದು ಅಳತೆಗೋಲು ಕೈಯಲ್ಲಿದೆ. ಹಣ ಯಾವ ನಿಧಿಗೆ ಹೋಯಿತು, ಯಾವ ಕೆಲಸಕ್ಕೆ ಬಂತು, ಲೆಕ್ಕ ಬಹಿರಂಗವೆ? ಈ ಮೂರಕ್ಕೆ ನೇರ ಉತ್ತರ ಕೊಡಬಲ್ಲ ಸರಕಾರದ ಮೇಲೆ ಭಕ್ತರಿಗೆ ಸಿಟ್ಟು ಬರುವುದು ಕಡಿಮೆ. ಉತ್ತರ ಕೊಡದ ಸರಕಾರ ಬದುವನ್ನು ಒತ್ತುತ್ತಿದೆಯೆಂದೇ ತಿಳಿಯಬೇಕು.

ಇನ್ನು ನ್ಯಾಯಾಲಯಗಳೂ ಬದುವನ್ನು ಸರಿಸಿದುದುಂಟು. ಯಾವುದು ಮುಖ್ಯವೆಂದು ಆ ಮತದ ಸಿದ್ಧಾಂತದಿಂದ ತಿಳಿಯಬೇಕೆಂದಿತ್ತು ೧೯೫೪ರಲ್ಲಿ. ೧೯೬೧ರ ಅಜಮೇರ ದರ್ಗಾದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಆಚಾರಗಳನ್ನು ಮತದ ತಿರುಳಿನಿಂದ ಬೇರ್ಪಡಿಸಿ ನೋಡಬೇಕೆಂದರು. ಅಲ್ಲಿಂದ ಮುಂದೆ ಜರಡಿ ನ್ಯಾಯಾಧೀಶರ ಕೈಗೆ ಹೆಚ್ಚು ಹೆಚ್ಚಾಗಿ ಬಂತು. ಅದೇ ಉಡುಪಿಯಲ್ಲಿ, ಸರಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರು ತಲೆವಸ್ತ್ರದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದಾಗ, ೨೦೨೨ರ ಮಾರ್ಚ್ ೧೫ರಂದು ಕರ್ನಾಟಕದ ಹೈಕೋರ್ಟು ಅದು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದಿತು. ಅಕ್ಟೋಬರ್ ೧೩ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ಭಿನ್ನ ತೀರ್ಪು ಕೊಟ್ಟು ವಿಷಯವನ್ನು ಹೆಚ್ಚಿನ ಪೀಠಕ್ಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ಯಾರ ವಾದ ಸರಿಯೆಂದು ನಾವಿಲ್ಲಿ ತೀರ್ಪು ಕೊಡಹೋಗುವುದಿಲ್ಲ. ಒಂದು ಮಾತು ಮಾತ್ರ ಸ್ಪಷ್ಟ. ಸ್ವಾಮಿಗಳ ನೈವೇದ್ಯದ ಮೊಕದ್ದಮೆಯಲ್ಲಿ ಹುಟ್ಟಿದ ಅಳತೆಗೋಲೇ ಮುಸಲ್ಮಾನ ಹೆಣ್ಣುಮಕ್ಕಳ ಮೊಕದ್ದಮೆಯಲ್ಲಿಯೂ ಬಳಕೆಯಾಯಿತು. ಒಬ್ಬರಿಗಾಗಿ ಅದನ್ನು ಮೊಟಕುಮಾಡಿದರೆ ಇನ್ನೊಬ್ಬರಿಗೂ ಅದು ಮೊಟಕಾಗಿಯೇ ದೊರೆಯುತ್ತದೆ.

ಈಗ ಸರಕಾರ ತಾನಾಗಿಯೇ ಮತವನ್ನು ಮನ್ನಿಸುವ ವಿಷಯಕ್ಕೆ ಬರೋಣ. ಗಣೇಶ ಚತುರ್ಥಿ, ಈದ್, ಕ್ರಿಸ್ಮಸ್, ಬುದ್ಧ ಪೂರ್ಣಿಮೆ, ಮಹಾವೀರ ಜಯಂತಿ ಇವೆಲ್ಲ ರಜೆಯ ಪಟ್ಟಿಯಲ್ಲಿವೆ. ಹಜ್ ಯಾತ್ರೆಗೆ ಕೇಂದ್ರ ಸರಕಾರ ಬಹುಕಾಲ ಸಹಾಯಧನ ಕೊಟ್ಟು ೨೦೧೮ರಲ್ಲಿ ನಿಲ್ಲಿಸಿತು. ಮಾನಸ ಸರೋವರದ ಯಾತ್ರಿಕರಿಗೆ ಕರ್ನಾಟಕ ಸರಕಾರ ನೆರವು ಕೊಟ್ಟಿದೆ. ತಿರುವಾಂಕೂರಿನ ದೇವಸ್ವಂ ನಿಧಿಗೆ ವರ್ಷಕ್ಕೆ ೪೬ ಲಕ್ಷ ೫೦ ಸಾವಿರ ರೂಪಾಯಿಗಳನ್ನು ಕೊಡಬೇಕೆಂದು ಸಂವಿಧಾನವೇ ೨೯೦-ಎ ಅನುಚ್ಛೇದದಲ್ಲಿ ಹೇಳುತ್ತದೆ. ಒಂದು ಮತದ ಪ್ರಚಾರಕ್ಕೆಂದೇ ಯಾರಿಂದಲೂ ತೆರಿಗೆ ಎತ್ತಕೂಡದೆಂದು ೨೭ನೆಯ ಅನುಚ್ಛೇದವೂ ಹೇಳುತ್ತದೆ. ಇವೆರಡರ ನಡುವೆ ಸರಕಾರ ನಡೆಯಬೇಕು.

ನಮ್ಮ ಮೈಸೂರು ದಸರೆಯಲ್ಲಿ ಇದೇ ಪ್ರಶ್ನೆ ೨೦೨೫ರಲ್ಲಿ ಬಂತು. ಹಾಸನದ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಆ ವರ್ಷ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತ್ತು. ದಸರೆಯನ್ನು ಉದ್ಘಾಟಿಸಲು ಸರಕಾರ ಅವರನ್ನು ಕರೆಯಿತು. ಚಾಮುಂಡಿಬೆಟ್ಟದ ದೇವಿಯ ಮುಂದೆ ಬೇರೆ ಮತದವರು ಪೂಜೆಯ ಆರಂಭ ಮಾಡಬಹುದೆ ಎಂದು ಆಕ್ಷೇಪಿಸಿ ಕೆಲವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು ಸೆಪ್ಟೆಂಬರ್ ೧೫ರಂದೂ ಸುಪ್ರೀಮ್ ಕೋರ್ಟು ೧೯ರಂದೂ ಆ ಅರ್ಜಿಗಳನ್ನು ತಳ್ಳಿಹಾಕಿದುವು. ೨೨ರಂದು ಉದ್ಘಾಟನೆ ನೆರವೇರಿತು. ೨೦೧೭ರಲ್ಲಿ ಕವಿ ನಿಸಾರ್ ಅಹಮದರು ಇದೇ ಕೆಲಸವನ್ನು ಮಾಡಿದ್ದರು. ಸರಕಾರ ತನ್ನ ಖರ್ಚಿನಲ್ಲಿ ನಾಡಹಬ್ಬವೆಂದು ಕರೆದು ಮಾಡುವ ಹಬ್ಬಕ್ಕೆ ನಾಡಿನವರೆಲ್ಲರೂ ಒಡೆಯರು. ಅರಮನೆಯೊಳಗಿನ ಪೂಜೆ, ಗುಡಿಯೊಳಗಿನ ಅರ್ಚನೆ ಅವರವರ ಸಂಪ್ರದಾಯದಂತೆ ನಡೆಯುತ್ತವೆ. ಅದನ್ನು ಯಾರೂ ಕಿತ್ತುಕೊಂಡಿಲ್ಲ. ಸರಕಾರ ದ್ವೀಪ ಹಚ್ಚದಿರಲಿ ಎಂದು ನಾವು ಕೇಳುವುದಿಲ್ಲ. ಹಚ್ಚಿದ ದೀಪದ ಬೆಳಕಿನಲ್ಲಿ ಯಾರನ್ನೂ ಕತ್ತಲೆಗೆ ನೂಕದಿರಲಿ ಎಂದಷ್ಟೇ ಕೇಳುತ್ತೇವೆ.

ಈ ನಿಲುವಿಗೆ ಭದ್ರ ಬುನಾದಿ ಹಾಕಿದ ಮೊಕದ್ದಮೆಯೂ ಕನ್ನಡಿಗರೊಬ್ಬರ ಹೆಸರನ್ನೇ ಹೊತ್ತಿದೆ. ೧೯೮೯ರ ಏಪ್ರಿಲ್ ೨೧ರಂದು ವಜಾ ಆದ ಎಸ್. ಆರ್. ಬೊಮ್ಮಾಯಿಯವರ ಸರಕಾರದ ವಿಷಯವಾಗಿ ಹೊರಟ ಆ ಮೊಕದ್ದಮೆಯಲ್ಲಿ ೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಲ್ಲ ಮತಗಳನ್ನು ಸಮನಾಗಿ ಕಾಣುವುದು ಸಂವಿಧಾನದ ಮೂಲ ರಚನೆಗೇ ಸೇರಿದ್ದೆಂದು ಸಾರಿತು. ಯಾವ ಬಹುಮತದಿಂದಲೂ ಅದನ್ನು ಕೀಳುವಂತಿಲ್ಲ.

ಬಂಧುಗಳೇ, ಹೊರನಾಡಿನಲ್ಲಿರುವ ನಮಗೆ ಇದರಿಂದ ಏನೆಂದು ಕೇಳುವವರಿಗೆ ಕೊನೆಯದಾಗಿ ಒಂದು ಮಾತು. ಸಂವಿಧಾನದ ೩೦ನೆಯ ಅನುಚ್ಛೇದವನ್ನು ಓದಿ ನೋಡಿ. ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಅದು ಮತದ ಅಲ್ಪಸಂಖ್ಯಾತರಿಗೂ ಭಾಷೆಯ ಅಲ್ಪಸಂಖ್ಯಾತರಿಗೂ ಒಂದೇ ಉಸಿರಿನಲ್ಲಿ ಕೊಟ್ಟಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ಆಯಾ ರಾಜ್ಯದ ಲೆಕ್ಕದಲ್ಲಿ ನೋಡಬೇಕೆಂದು ೨೦೦೨ರ ಅಕ್ಟೋಬರ್ ೩೧ರಂದು, ರಾಜ್ಯೋತ್ಸವದ ಹಿಂದಿನ ದಿನ, ಸುಪ್ರೀಮ್ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಆ ಮೊಕದ್ದಮೆಯ ಹೆಸರು ಟಿ. ಎಂ. ಎ. ಪೈ ಪ್ರತಿಷ್ಠಾನ, ಅದೂ ಮಣಿಪಾಲದ್ದೇ. ಬೆಂಗಳೂರಿನಲ್ಲಿ ನಾವು ಬಹುಸಂಖ್ಯಾತರು. ಮುಂಬ್ರಾದ ಸ್ಟೇಷನ್ನಿನಲ್ಲಿ ಇಳಿದ ಕ್ಷಣದಿಂದ ಅಲ್ಪಸಂಖ್ಯಾತರು. ಇಲ್ಲಿ ಕನ್ನಡ ಶಾಲೆಯ ಬಾಗಿಲನ್ನು ಕಾಯುವ ಬೀಗವೂ ಪಕ್ಕದ ಮದರಸೆಯ, ಕಾನ್ವೆಂಟಿನ ಬಾಗಿಲನ್ನು ಕಾಯುವ ಬೀಗವೂ ಒಂದೇ ಕಮ್ಮಾರನ ಕೈಯದು. ನೆರೆಯವನ ಬೀಗವನ್ನು ಮುರಿಯಲು ಸರಕಾರಕ್ಕೆ ಸುತ್ತಿಗೆ ಕೊಟ್ಟವನು ತನ್ನ ಮನೆಯ ಬಾಗಿಲನ್ನು ಮರೆತವನು.

ನಮ್ಮ ಸಂಘದ ಒಳಗೂ ಇದನ್ನು ಪಾಲಿಸುವುದು ಕಷ್ಟವಲ್ಲ. ಸಂಘ ಸರಕಾರವಲ್ಲ, ಭುವನೇಶ್ವರಿಯ ಪೂಜೆ ಮಾಡಬೇಕೆನ್ನುವವರಿಗೆ ಯಾವ ಕಾನೂನೂ ಅಡ್ಡಬಾರದು. ಆದರೆ ನಮ್ಮಲ್ಲಿ ವಿಜಾಪುರ, ಕಲಬುರ್ಗಿಗಳ ಮುಸಲ್ಮಾನ ಮನೆಗಳಿವೆ, ಮಂಗಳೂರಿನ ಕ್ರೈಸ್ತ ಮನೆಗಳಿವೆ. ಅವರ ವರ್ಗಣಿಯೂ ಇದೇ ಪೆಟ್ಟಿಗೆಗೆ ಬೀಳುತ್ತದೆ. ಪೂಜೆ ಬೇಕಾದವರು ಬೆಳಗ್ಗೆ ಭಕ್ತಿಯಿಂದ ಪೂಜೆ ಮಾಡಲಿ. ಅದಕ್ಕೆ ಬೇರೆ ಕಾಣಿಕೆ ಎತ್ತಲಿ. ಸಂಜೆಯ ಸಭೆ ೨೦೦೪ರಲ್ಲಿ ನಾಡಗೀತೆಯಾದ ಕುವೆಂಪು ಅವರ ಹಾಡಿನಿಂದ ಮೊದಲಾಗಲಿ. ಅದರಲ್ಲಿ ಎಲ್ಲರಿಗೂ ಜಾಗವಿದೆ. ಪ್ರಸಾದ ಬೇಕಾದವರು ಸ್ವೀಕರಿಸಲಿ, ಬೇಡವಾದವರನ್ನು ಯಾರೂ ತಿರುಗಿ ನೋಡದಿರಲಿ. ಲೆಕ್ಕಪತ್ರವನ್ನು ಎಲ್ಲರ ಮುಂದೆ ಓದಲಿ. ಶಿರೂರು, ಮೂಲ್ಕಿ ಮೊಕದ್ದಮೆಗಳ ನೀತಿಯೆಲ್ಲ ಇಷ್ಟರಲ್ಲಿ ಅಡಗಿದೆ.

ಶಿರೂರು ಮಠಕ್ಕೆ ಹದಿನಾರು ವರ್ಷಕ್ಕೊಮ್ಮೆ ಬರುವ ಪರ್ಯಾಯದ ಸರದಿ ೧೯೪೬ರಿಂದ ಎಣಿಸಿದರೆ ಐದು ಸುತ್ತಿಗೆ ೨೦೨೬ರದು. ಅಂದು ಸಾಲದ ಭಾರದಲ್ಲಿ ಬಳಲಿದ ಸ್ವಾಮಿಗಳು ತಮ್ಮ ಮಠಕ್ಕಾಗಿ ಹೋರಾಡಿ, ತಿಳಿದೋ ತಿಳಿಯದೆಯೋ ಇಡೀ ದೇಶದ ಎಲ್ಲ ಮತದವರಿಗೂ ಒಂದು ಕೋಟೆಯನ್ನು ಕಟ್ಟಿಕೊಟ್ಟರು. ಉಡುಪಿಯಿಂದ ಅನ್ನದ ಹೆಸರನ್ನು ಹೊತ್ತು ಮುಂಬಯಿಗೆ ಬಂದ ನಾವು ಈ ಹೆಸರನ್ನೂ ಹೊತ್ತುಕೊಳ್ಳೋಣ, ಮಕ್ಕಳಿಗೆ ಹೇಳೋಣ. ನಿಮ್ಮೆಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. 

ಜೈ ಕರ್ನಾಟಕ. ಜೈ ಹಿಂದ್.